ನೆಲಕ್ಕಿಂತ ನಮ್ಮ ಮಾಳಗಿದ ಅಂಜಿಕಿ ಜಾಸ್ತಿ ಅದ ಸಾಹೇಬ್ರ: ವಿಜಯಪುರ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿ ಸಾಹೇಬ್ರಿಗೆ, ಮತ್ತ ಇದನ್ನ ಓದೂ ನಮ್ಮ ಜಿಲ್ಲಾದ ಎಲ್ಲಾ ಮಂದಿಗೆ, ನಮಸ್ಕಾರ್ರಿ.

ನಾ ಬಸವನ ಬಾಗೇವಾಡಿ ಕಡಿಯಾಂವ. ಡಿಪ್ಲೊಮಾ ಸಿವಿಲ್ ಮುಗಿಸಿ ಹಳ್ಳಿಗಳಾಗ ಮನಿ, ದನದ ಕೊಟ್ಟಗಿ, ಕಂಪೌಂಡು ಇಂಥವ ಸಣ್ಣ ಸಣ್ಣ ಗುತ್ತಿಗಿ ಹಿಡದು ಹೊಟ್ಟಿ ಹೊರಕೋತೀನಿ. ವಿಜ್ಞಾನಿ ಅಲ್ಲ, ಲೀಡರ್ ಅಂತೂ ಅಲ್ವೇ ಅಲ್ಲ. ಮೊನ್ನೆ ರಾತ್ರಿ ಮತ್ತ ನೆಲ ನಡುಗಿತು, ಮುಂಜಾನೆ ಎದ್ದು ಮೊಬೈಲ್ ತಗದ್ರ ಎಲ್ಲಾ ವಾಟ್ಸಾಪ್ ಗ್ರೂಪಿನಾಗೂ ಅದೇ ಮಾತು, ಲಘು ಭೂಕಂಪನ, ಸಾರ್ವಜನಿಕರು ಆತಂಕ ಪಡಬ್ಯಾಡ್ರಿ. ಆಯ್ತರಿ, ಪಡೂದಿಲ್ಲ. ಆದ್ರ ಆತಂಕ ಪಡದಂಗ ಏನ್ ಮಾಡ್ಬೇಕು ಅನ್ನೂದು ಆ ಮೆಸೇಜಿನ ಕೆಳಗ ಒಂದು ಸಾಲರ ಇರ್ಬೇಕಲ್ಲ, ಅದಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕ ಅಧ್ಯಕ್ಷರು ನೀವ, ಅದಕ್ಕ ನಮ್ಮ ಮಾಳಗಿ ಮನಿ, ಅಂದ್ರ ಮ್ಯಾಲ ಮಣ್ಣು ಹಾಕಿದ ಹಳೇ ಮನಿಗಳ ಬಗ್ಗೆ ನಿಮಗ ಬರ್ಯಾಕತ್ತೀನಿ.

ಮೊನ್ನಿಂದು ಸಣ್ಣದು ಖರೇ. ಮೂರ್ನಾಕು ಸೆಕೆಂಡು ಇದ್ದಿರಬೇಕು ಅಷ್ಟ. ಮೊದಲ ಬಂದದ್ದು ಸಪ್ಪಳ, ನೆಲದ ಕೆಳಗಿಂದ ಧಡ್ ಅಂತ ಒಂದು ಹೊಡ್ತ, ಅದರ ಬೆನ್ನಿಗೆ ಗುಡುಗುಡು, ಮಾಡದಾಗಿನ ಭಾಂಡೆ ಖಣಖಣ ಅಂದೂ, ಟ್ರೆಜರಿ (ಕಬ್ಬಿಣದ ಕಪಾಟು) ಬಾಗಲ ತಾನ ತೆರಕೊಂತು, ಮ್ಯಾಲಿನ ಜಂತಿ ಸಂದಿಯಿಂದ ಮಣ್ಣು ಉದರಿ ಹಾಸಿಗಿ ಮ್ಯಾಲ ಬಿತ್ತು. ಓಣಿ ಮಂದಿ ಎಲ್ಲಾ ಹೊರಗ ಬಂದ್ರು. ಯಾರೋ ಕಡಿ ಮಷಿನ್‌ನವ್ರು ಬ್ಲಾಸ್ಟಿಂಗ್ ಮಾಡ್ಯಾರ ಅಂದ್ರು, ಇಂಥಾ ಹೊತ್ತಿನಾಗ ನಿಮ್ಮಪ್ಪ ಬ್ಲಾಸ್ಟಿಂಗ್ ಮಾಡ್ತಾನೇನು ಅಂತ ಇನ್ನೊಬ್ರು ಬೈದ್ರು. ನಮ್ಮ ಆಯಿ ಕಟ್ಟಿ ಮ್ಯಾಲ ಕುಂತು "ಭೂಮ್ತಾಯಿ ಮಗ್ಗಲಾ ಬದಲಿಸ್ಯಾಳ, ಒಳಗ ನಡೀರಿ" ಅಂದ್ಳು, ಆದ್ರ ಆಕಿನೂ ಒಳಗ ಹೋಗ್ಲಿಲ್ಲ. ಆ ಸಪ್ಪಳದ್ದ ಎಲ್ಲಾರಿಗೂ ಹೆಚ್ಚು ಅಂಜಿಕಿ. ಅದಕ್ಕ ಕಾರಣ ಇಷ್ಟ, ಕಂಪನ ಭಾಳ ಆಳದಾಗ ಆಗದ ಮ್ಯಾಲಿನ ಬಂಡಿ ಪದರದಾಗ ಆದ್ರ ಮೊದಲ ಬರೂ ಅಲಿ ನೆಲ ದಾಟಿ ಗಾಳಿಗೆ ಬಂದು ನಮ್ಮ ಕಿವಿಗೆ ಸಪ್ಪಳ ಆಗಿ ಬೀಳ್ತದ. ಸಪ್ಪಳ ದೊಡ್ಡದಿದ್ರ ಭೂಕಂಪನೂ ದೊಡ್ಡದಂತಲ್ಲ. ಇಷ್ಟು ಮಾತು ಯಾರರ ಡಂಗುರ ಹೊಡಸಿ ಹೇಳಿದ್ರ ಅರ್ಧ ಊರು ಆ ರಾತ್ರಿ ನಿದ್ದಿ ಮಾಡ್ತಿತ್ತು.

ನಮ್ಮ ಮುತ್ಯಾನ ಕಾಲಕ್ಕ ಇದು ಯಾರಿಗೂ ಗೊತ್ತಿಲ್ಲದ ಸಂಗತಿ. ಬರ ಗೊತ್ತಿತ್ತು, ಡೋಣಿ ಹೊಳಿ ಹುಚ್ಚಾಟ ಗೊತ್ತಿತ್ತು, ಭೂಕಂಪ ಅಂದ್ರ ಎಲ್ಲೋ ಗುಜರಾತ್ ಕಡಿಂದು, ಹಿಮಾಲಯದ್ದು. ನಮ್ಮ ಕಾಲ ಕೆಳಗೂ ಆಗ್ತದ ಅನ್ನೂದು 2021ರಿಂದ ಈಚೆಗೆ ಗೊತ್ತಾಗಾಕತ್ತು. ಆ ವರ್ಷ ಸೆಪ್ಟೆಂಬರ್ 4ರ ರಾತ್ರಿ ಹನ್ನೆರಡರ ಹತ್ರ ಭೂಕಂಪದ ಅಳತಿಯೊಳಗ 3.9ರದ್ದು ಒಂದು ಬಂತು, ಊರಿಗೆ ಊರ ರೋಡ್‌ನ್ಯಾಗ ಇತ್ತು. ಅಕ್ಟೋಬರದಾಗ ಕಲಬುರಗಿ ಜಿಲ್ಲಾದ ಚಿಂಚೋಳಿ ತಾಲೂಕು ಗಡಿಕೇಶ್ವಾರದಾಗ ಮ್ಯಾಲಿಂದ ಮ್ಯಾಲ ನಡುಗಿ ಮಂದಿ ಮನಿ ಬಿಟ್ಟು ಹೊರಗ ಮಲಗಿದ್ರು, ಎಷ್ಟೋ ಮಂದಿ ಗಂಟು ಮೂಟಿ ಕಟಗೊಂಡು ಊರ ಬಿಟ್ಟು ಹೋದ್ರು. 2022ರ ಜುಲೈ 9ರ ಮುಂಜಾನೆ ನಮ್ಮ ಕನ್ನೂರ ಕಡಿಗೆ ಆದದ್ದು 4 ದಾಟಿತ್ತು, ಸಾಂಗ್ಲಿ ಸೊಲ್ಲಾಪುರ ಮಟ ಗೊತ್ತಾತು. ಅದಾದ ಮ್ಯಾಲೂ ಬಿಟ್ಟು ಬಿಟ್ಟು ಬರಾಕತ್ಯಾವ, ಎರಡು ಚಿಲ್ಲರೆದವು, ಮೂರು ಚಿಲ್ಲರೆದವು.

ಯಾಕ ಬರ್ತಾವ ಅಂತ ಚಾದಂಗಡಿಗೆ ಹೋದ್ರ ಹತ್ತು ಥರ ಹೇಳ್ತಾರ. ಬೋರ್‌ವೆಲ್ ಹೊಡದು ಹೊಡದು ಭೂಮಿ ಪೊಳ್ಳಾಗ್ಯದ ಅಂತಾರ, ಕೆರಿ ತುಂಬಸಿದ್ದಕ್ಕ ಅಂತಾರ, ಆಲಮಟ್ಟಿ ಅಂತಾರ. ವಿಜ್ಞಾನಿಗಳು ಈ ಭಾಗದ ಸಣ್ಣ ಕಂಪನಗಳಿಗೆ ಕೊಟ್ಟ ಕಾರಣದಾಗ ಮುಖ್ಯದ್ದು ಮಳಿ. ನಮ್ಮ ಕೆಳಗಿರೂದು ಪದರ ಪದರ ಬಿದ್ದ ಕರಿ ಕಲ್ಲು, ಹಳೇ ಜ್ವಾಲಾಮುಖಿ ಲಾವಾ ಹರದು ಆದದ್ದು, ಅದರಾಗ ಬಿರುಕು ಭಾಳ. ಚಲೋ ಮಳಿ ಆದ ವರ್ಷ ನೀರು ಬಿರುಕಿನ ಗುಂಟ ಕೆಳಗಿಳೀತದ, ಒಳಗಿನ ಒತ್ತಡ ಏರುಪೇರಾಗ್ತದ, ಮೊದಲ ಬಿಗಿ ಹಿಡದು ನಿಂತ ಬಂಡಿ ಒಂಚೂರು ಸರೀತದ. ಮಳಿಗಾಲದಾಗ ಮತ್ತ ಮಳಿಗಾಲ ಮುಗದ ಕೂಡ್ಲೇ ಇವು ಹೆಚ್ಚು ಕಾಣೂದು ಅದಕ್ಕ.

ಆಲಮಟ್ಟಿ ವಿಚಾರ ನಾ ಹೆಚ್ಚು ಮಾತಾಡೂದಿಲ್ಲ, ಅದು ರಾಜಕೀಯ ಆಗಿ ಹೋಗ್ಯದ. ಡ್ಯಾಮಿನ ನೀರಿನ ಭಾರಕ್ಕ, ಒತ್ತಡಕ್ಕ ಭೂಕಂಪ ಆಗೂದು ಸುಳ್ಳಲ್ಲ, ನಮ್ಮಿಂದ ಪಶ್ಚಿಮಕ್ಕ ಇನ್ನೂರು ಕಿಲೋಮೀಟರ್ ಚಿಲ್ಲರೆ ದೂರದ, ಮಹಾರಾಷ್ಟ್ರದ ಕೊಯ್ನಾ ಡ್ಯಾಮಿನ ಕಡಿ 1967ರ ಡಿಸೆಂಬರ್ 11ಕ್ಕ ಆದದ್ದನ್ನ ಜಗತ್ತಿನ ಎಲ್ಲಾ ಪುಸ್ತಕದಾಗೂ ಇದಕ್ಕ ಉದಾಹರಣಿ ಕೊಡ್ತಾರ, 170ಕ್ಕೂ ಹೆಚ್ಚು ಮಂದಿ ಸತ್ರು. ಆದ್ರ ಕೊಯ್ನಾ ಡ್ಯಾಮು ನೂರು ಮೀಟರ್ ಮ್ಯಾಲ ಎತ್ತರ, ಆಲಮಟ್ಟಿ ಅದರ ಅರ್ಧ. ಅದಕ್ಕ ಅದು ಹಿಂಗ ಇದೂ ಹಿಂಗ ಅಂತ ನಾ ಹೇಳೂದಿಲ್ಲ. ಕೇಳೂದು ಇಷ್ಟ, ಆಲಮಟ್ಟಿ ನೀರಿನ ಮಟ್ಟ (ಸಮುದ್ರ ಮಟ್ಟದಿಂದ ಅಳದದ್ದು) 519.6 ಮೀಟರಿಂದ 524.256ಕ್ಕ ಏರಸೂ ಮಾತು ನಡದಿರೂದರಿಂದ, ನೀರು ಏರೂ ಮೊದಲಿನ ಕಂಪನದ ಲೆಕ್ಕ, ಏರಿದ ಮ್ಯಾಲಿನ ಲೆಕ್ಕ ಎರಡೂ ಮಂದಿ ಕೈಗೆ ಸಿಗೂ ಹಂಗ ಕನ್ನಡದಾಗ ಹಾಕ್ರಿ. ಲೆಕ್ಕ ಕಣ್ಣಿಗೆ ಕಂಡ್ರ ಚಾದಂಗಡಿ ವಿಜ್ಞಾನ ತಾನ ಕಡಿಮಿ ಆಗ್ತದ.

ಈಗ ಖರೇ ವಿಷಯಕ್ಕ ಬರ್ತೀನ್ರಿ. ಕಿಲ್ಲಾರಿ.

1993ರ ಸೆಪ್ಟೆಂಬರ್ 30. ಗಣಪತಿ ಕಳಿಸಿ ದಣದು ಮಲಗಿದ ಮಂದಿ, ಬೆಳಗಿನ ಜಾವ ನಾಕಕ್ಕ ಇನ್ನಾ ಐದು ನಿಮಿಷ ಇತ್ತು, ಮಹಾರಾಷ್ಟ್ರದ ಲಾತೂರ ಧಾರಾಶಿವ ಕಡಿ, ಕಿಲ್ಲಾರಿ ಊರಿನ ಹತ್ರ, 6.2ರದ್ದು ಬಂತು, ಸುಮಾರು 10,000 ಮಂದಿ ಸತ್ರು. ನಮ್ಮ ವಿಜಾಪುರದಿಂದ ನೇರ ಗೆರಿ ಎಳದ್ರ ನೂರಾ ಅರವತ್ತು ಕಿಲೋಮೀಟರ್ ಅಷ್ಟ. ಅವತ್ತು ನಮ್ಮ ಕಡಿನೂ ಗೊತ್ತಾಗಿತ್ತು, ನಲವತ್ತು ದಾಟಿದವ್ರನ್ನ ಕೇಳ್ರಿ ಹೇಳ್ತಾರ. ಆವಾಗ ಕಿಲ್ಲಾರಿ ಇದ್ದದ್ದು ನಕಾಶೆದಾಗ ಎಲ್ಲಾಕಿಂತ ಕಡಿಮಿ ಅಪಾಯದ ವಲಯದಾಗ, ವಲಯ 1. ಆ ಭೂಕಂಪ ಆದ ಮ್ಯಾಲೆ ನಕಾಶೆ ತಿದ್ದಿ 2002ರಾಗ ವಲಯ 1 ಅನ್ನೂದನ್ನ ತಗದ ಹಾಕಿದ್ರು. ಆ 2002ರ ಐಎಸ್ 1893, ಅಂದ್ರ ಭೂಕಂಪಕ್ಕ ತಡಿಯೂ ಕಟ್ಟಡಗಳ ಭಾರತೀಯ ಮಾನದಂಡ, ಅದರ ಪಟ್ಟಿಯೊಳಗ ನಮ್ಮ ವಿಜಾಪುರ, ಬೆಳಗಾವಿ, ಧಾರವಾಡ ಮೂರೂ ವಲಯ 3ರಾಗ ಇದ್ದೂ, ಬೆಂಗಳೂರು ಮೈಸೂರು ವಲಯ 2ರಾಗ. ನಮಗ ಬೆಂಗಳೂರಿಗಿಂತ ಅಪಾಯ ಜಾಸ್ತಿ ಅಂತ ನಮ್ಮ ಎಷ್ಟು ಮಂದಿಗೆ ಗೊತ್ತದ?

ಇನ್ನೊಂದು ಮಾತು. ಕಿಲ್ಲಾರಿಯೊಳಗ ದೊಡ್ಡದು ಬರೂದಕ್ಕ ಒಂದು ವರ್ಷ ಮೊದಲ, 1992ರ ಅಕ್ಟೋಬರ್ ನವೆಂಬರದಾಗ ಸಣ್ಣ ಸಣ್ಣಾವು ಭಾಳ ಬಂದಿದ್ದು. ಇದನ್ನ ಓದಿ ಯಾರೂ ನಾಳೆ ನಮ್ಮಲ್ಲೂ ದೊಡ್ಡದು ಬರ್ತದ ಅಂತ ಸ್ಟೇಟಸ್ ಇಡಬ್ಯಾಡ್ರಿ, ಕೈ ಮುಗೀತೀನಿ. ಸಣ್ಣಾವು ಬಂದು ಬಂದು ತಾವ ನಿಂತು ಹೋಗೂದ ಹೆಚ್ಚು, ಮತ್ತ ಭೂಕಂಪ ಇಂಥಾ ದಿನ ಇಂಥಾ ಹೊತ್ತಿಗೆ ಅಂತ ಹೇಳೂ ವಿದ್ಯಾ ಜಗತ್ತಿನಾಗ ಯಾರ ಕಡಿನೂ ಇಲ್ಲ, ರಾತ್ರಿ ಎರಡಕ್ಕ ಬರ್ತದ ಎಲ್ಲಾರೂ ಹೊರಗ ಮಲಗ್ರಿ ಅಂತ ಆಡಿಯೋ ಕಳಸೂ ಆ ಪುಣ್ಯಾತ್ಮನ ಕಡಿ ಅಂತೂ ಇಲ್ಲ. ನಾ ಇದನ್ನ ಹೇಳಿದ್ದು ಯಾಕಂದ್ರ, ಕಿಲ್ಲಾರಿ ಮಂದಿಗೆ ಆ ಒಂದು ವರ್ಷ ಸಿಕ್ಕಿತ್ತು. ನಮಗೂ 2021ರಿಂದ ಟೈಮ್ ಸಿಕ್ಕದ. ಈ ಟೈಮಿನಾಗ ನಾವು ಮಾಡಿದ್ದೇನು?

ಅಲ್ಲಿ ಮಂದಿನ್ನ ಕೊಂದದ್ದು ಮನಿ. ಎರಡು ಫೂಟು, ಎರಡೂವರಿ ಫೂಟು ದಪ್ಪನ ಕಲ್ಲಿನ ಗೋಡಿ, ಕೆಸರಾಗ ಕಟ್ಟಿದ್ದು, ಹೊರ ಮೈಗೆ ಒಂದು ಸಾಲು ಕಲ್ಲು ಒಳ ಮೈಗೆ ಒಂದು ಸಾಲು ಕಲ್ಲು ನಡುವ ಚಿಪ್ಪು ಮಣ್ಣು ತುಂಬಿದ್ದು, ಎರಡೂ ಸಾಲು ಹಿಡಕೊಳ್ಳೂ ಉದ್ದನ ಕಲ್ಲು ಒಂದೂ ಇಲ್ಲ. ಅದರ ಮ್ಯಾಲ ತೊಲಿ, ಜಂತಿ, ಹಲಗಿ, ಅದರ ಮ್ಯಾಲ ಮಣ್ಣು. ನೆಲ ಅಲಗಾಡಿದ ಕೂಡ್ಲೇ ಹೊರಗಿನ ಸಾಲು ಹೊರಗ ಉಬ್ಬಿ ಬೀಳ್ತದ, ಒಳಗಿನದು ಒಳಗ ಬೀಳ್ತದ, ಮ್ಯಾಲಿನ ಟನ್‌ಗಟ್ಟಲೆ ಮಣ್ಣು ಮಲಗಿದವ್ರ ಮ್ಯಾಲ. ಸಾಹೇಬ್ರ, ನಾ ಈಗ ಹೇಳಿದ್ದು ಕಿಲ್ಲಾರಿ ಮನಿದ ವರ್ಣನಾ ಅಂತ ನೀವು ತಿಳಕೊಂಡಿರ್ತೀರಿ. ನಮ್ಮ ಇಂಡಿ, ಸಿಂದಗಿ, ತಿಕೋಟಾ, ಬಾಗೇವಾಡಿ, ಮುದ್ದೇಬಿಹಾಳ ಕಡಿ ಯಾವ ಹಳ್ಳಿಗರ ಹೋಗ್ರಿ, ಅಗಸಿ ಒಳಗ ಕಾಲಿಟ್ಟ ಕೂಡ್ಲೇ ಅದೇ ಮನಿ.

ಮಾಳಗಿ ಮನಿ ಕೆಟ್ಟದ್ದಂತ ನಾ ಹೇಳೂದಿಲ್ಲ. ಏಪ್ರಿಲ್ ಮೇದಾಗ ನಮ್ಮ ಬಿಸಲಾಗ ಆರ್‌ಸಿಸಿ ಮನಿಯೊಳಗ ಮಧ್ಯಾಹ್ನ ಕುಂತು ನೋಡ್ರಿ, ಆಮ್ಯಾಲ ಮಾಳಗಿ ಮನಿ ಪಡಸಾಲಿಗೆ ಬಂದು ಮಲಗಿ ನೋಡ್ರಿ, ಎಸಿ ಬ್ಯಾಡ ಅಂತೀರಿ. ತ್ರಾಸು ಎಲ್ಲಿ ಅಂದ್ರ ಮಣ್ಣು ಹಾಕೂದ್ರಾಗ. ಪ್ರತಿ ವರ್ಷ ಮಳಿಗಾಲದ ಮೊದಲ ಸೋರಬಾರದಂತ ಮಾಳಗಿ ಮ್ಯಾಲ ಹೊಸಾ ಮಣ್ಣು ಹಾಕ್ತಾರ, ಹಳೇದು ಯಾರೂ ತಗ್ಯಾಂಗಿಲ್ಲ. ಅಪ್ಪ ಹಾಕಿದ್ದರ ಮ್ಯಾಲ ಮಗ, ಮಗ ಹಾಕಿದ್ದರ ಮ್ಯಾಲ ಮೊಮ್ಮಗ. ನಾ ಕೆಡವಿದ ಹಳೇ ಮನಿಗಳಾಗ ಮೊಣಕಾಲ ಮಟ ಮಣ್ಣು ಇದ್ದದ್ದು ನೋಡೀನಿ, ಕೆಳಗ ಜಂತಿ ಹುಳಾ ತಿಂದು ಹಿಟ್ಟಾಗಿತ್ತು, ಅದರ ಕೆಳಗ ಮನಿಮಂದಿ ದಿನಾ ಉಂಡು ಮಲಗ್ತಿದ್ರು. ಇಂಥಾ ಮನಿ ಬೀಳಾಕ 6.2 ಯಾಕ ಬೇಕ್ರಿ, ಜೋರ ಮಳಿ ಸಾಕು. ಬೀಳಾಕತ್ಯಾವಲ್ಲ ಪ್ರತಿ ವರ್ಷ. ಬಿದ್ದ ಮ್ಯಾಲ ತಲಾಟಿ ಬರ್ತಾರ, ಪಿಡಿಒ ಬರ್ತಾರ, ಇಂಜಿನಿಯರ್ ಬರ್ತಾರ, ಪಂಚನಾಮಿ ಆಗ್ತದ, ಎ ಕೆಟಗರಿ ಬಿ ಕೆಟಗರಿ ಸಿ ಕೆಟಗರಿ ಅಂತ ಬರ್ಕೋತಾರ, ಅದರಾಗ ಯಾವುದಕ್ಕ ಸೇರಸ್ತಾರ ಅಂತ ಮನಿಯಾಂವ ವರ್ಷಗಟ್ಟಲೆ ಓಡಾಡ್ತಾನ. ಇದೇ ರೊಕ್ಕದಾಗ ಒಂದು ಪಾಲು ಬೀಳೂ ಮೊದಲ ಖರ್ಚು ಮಾಡಾಕ ಏನ್ ಅಡ್ಡಿ ಅದ ಅನ್ನೂದ ನನ್ನ ಪ್ರಶ್ನೆ, ಈ ಪತ್ರ ಬರದದ್ದೂ ಇದೊಂದಕ್ಕ.

ಯಾಕಂದ್ರ ಕೆಲಸ ದೊಡ್ಡದಲ್ಲ. ಕಿಲ್ಲಾರಿ ಆದ ಮ್ಯಾಲೆ ಮಹಾರಾಷ್ಟ್ರದವ್ರು ಐವತ್ತು ಊರು ಹೊಸಾದಾಗಿ ಕಟ್ಟಿದ್ದು ಎಲ್ಲಾರಿಗೂ ಗೊತ್ತದ, ಆದ್ರ ಅದಕ್ಕಿಂತ ದೊಡ್ಡ ಕೆಲಸ ಬ್ಯಾರೆ ಇತ್ತು, ಬೀಳದ ಉಳದ ಲಕ್ಷಗಟ್ಟಲೆ ಹಳೇ ಮನಿಗಳನ್ನ ಅಲ್ಲಲ್ಲೇ ಗಟ್ಟಿ ಮಾಡಸಿದ್ರು. ಹ್ಯಾಂಗಂದ್ರ, ಮಾಳಗಿ ಮ್ಯಾಲಿನ ಮಣ್ಣು ಕೆಳಗಿಳಸೂದು, ಪ್ಲಾಸ್ಟಿಕ್ ಶೀಟ್ ಹಾಸಿ ಮ್ಯಾಲ ಒಂದು ಗೇಣು ಮಣ್ಣಷ್ಟ ಹಾಕೂದು, ಸೋರೂದೂ ನಿಲ್ತದ ಭಾರನೂ ಇಳೀತದ. ಗೋಡಿಯೊಳಗ ಅಲ್ಲಲ್ಲಿ ಒಂದೊಂದು ಕಲ್ಲು ಹುಷಾರಿಲೆ ಕಿತ್ತು ಆರಪಾರ ತೂತು ಮಾಡಿ ಸಳಿ ಇಟ್ಟು ಕಾಂಕ್ರೀಟ್ ತುಂಬೂದು, ಆಗ ಒಳಗಿನ ಸಾಲು ಹೊರಗಿನ ಸಾಲು ಒಂದಕ್ಕೊಂದು ಹಿಡಕೋತಾವ. ಕಂಬ ಮತ್ತ ತೊಲಿ ಕೂಡೂ ಮೂಲಿಗೆ ಓರೆಯಾಗಿ ಪಟ್ಟಿ ಬಡಿಯೂದು. ಆಗೂದಿದ್ರ ಗೋಡಿ ತುದಿಗೆ ಸುತ್ತಲೂ ಬಿಗಿ ಹಿಡಿಯೂ ಒಂದು ಪಟ್ಟಿ, ಅಂದ್ರ ಬೆಲ್ಟು. ನಮ್ಮ ಹಳ್ಳಿ ಗೌಂಡಿ, ಬಡಿಗ್ಯಾರು ಮಾಡಾಕಾಗದ ಕೆಲಸ ಇದರಾಗ ಒಂದೂ ಇಲ್ಲ. ಹೊಸಾ ಮನಿ ಕಟ್ಟೂ ಖರ್ಚಿನ ಮುಂದ ಇದು ಏನೂ ಅಲ್ಲ.

ಕೆಲವರು ನನಗ ಹೇಳ್ತಾರ, ಗೋಳಗುಮ್ಮಟ 1656ರಿಂದ ನಿಂತದ, ಅದಕ್ಕ ಏನೂ ಆಗಿಲ್ಲ, ನಮ್ಮ ಮನಿಗೇನಾಗ್ತದೋ ತಮ್ಮಾ ಅಂತ. ಕಾಕಾ, ಗುಮ್ಮಟದ ಗೋಡಿ ಹತ್ತು ಫೂಟು ದಪ್ಪ, ಗಟ್ಟಿ ಗಚ್ಚಿನಾಗ ಕಟ್ಟಿದ್ದು, ಕಮಾನಿಗೆ ಕಮಾನು ಹೆಣದು ಅದರ ಮ್ಯಾಲ ಗುಮ್ಮಟದ ಭಾರ ಕುಂದರಸ್ಯಾರ. ಆದಿಲಶಾಹಿ ಕೆಲಸಗಾರರು ಒಂದೊಂದು ಕಲ್ಲಿಗೆ ಲೆಕ್ಕ ಇಟ್ಟಾರ. ನಿಮ್ಮ ಮನಿಗೆ ಕೆಸರು ಹಚ್ಚಿದ್ದು ನೀವ, ಮತ್ತ ಆ ಗೋಡಿಗೆ ಕಿಡಕಿ ಬೇಕಂತ ಹ್ವಾದ ವರ್ಷ ನಡುವ ಒಡಸಿದ್ದೂ ನೀವ.

ಹೊಸಾ ಮನಿದವ್ರು ನಗಬ್ಯಾಡ್ರಿ, ನಿಮ್ಮ ಬಗ್ಗೆನೂ ಅದ. ಮೂರು ಅಂತಸ್ತು ಏರಸ್ತಾರ, ಕೆಳಗ ಗಾಡಿ ನಿಲ್ಲಸಾಕಂತ ಗೋಡಿನೇ ಇಲ್ಲದ ಬರೇ ಕಂಬ, ಮ್ಯಾಲ ಎರಡು ಸಾವಿರ ಲೀಟರ್ ಟಾಕಿ. ಮುಂದಿನ ಎಲಿವೇಶನ್‌ಗೆ ಗ್ರಾನೈಟಿಗೆ ಲಕ್ಷಗಟ್ಟಲೆ ರೊಕ್ಕ ಇರ್ತದ, ಕಂಬದ ಉದ್ದ ಸಳಿಗಳನ್ನ ಸುತ್ತಿ ಹಿಡಿಯೂ ರಿಂಗ್ ಹತ್ರ ಹತ್ರ ಹಾಕೂಣು ಅಂದ್ರ "ಸಳಿ ಭಾಳ ಹೊಂಟದ, ಒಂಚೂರು ದೂರ ದೂರ ಹಾಕ್ರಿ" ಅಂತಾರ. ಭೂಕಂಪ ಬಂದಾಗ ಕಂಬ ಒಡ್ಯಾಂಗಿಲ್ಲಂದ್ರ ಅದಕ್ಕ ಕಾರಣ ಆ ರಿಂಗ್, ತುದಿ ಒಳಗ ಕೊಂಡಿ ಹಂಗ ಬಗ್ಗಿಸಿರಬೇಕು, ಕಂಬದ ಮ್ಯಾಲಿನ ತುದಿ ಕೆಳಗಿನ ತುದಿಗೆ ಇನ್ನಾ ಹತ್ರ ಇರಬೇಕು. ಮುನ್ಸಿಪಾಲ್ಟಿಯೊಳಗ ಪ್ಲಾನ್ ಪಾಸ್ ಮಾಡೂ ಮುಂದ ಸೆಟ್‌ಬ್ಯಾಕ್ ಟೇಪ್ ಹಿಡದು ಅಳೀತಾರ, ರಿಂಗ್ ನೋಡೂ ಮನಷ್ಯಾ ಎಲ್ಲಿಯೂ ನನಗ ಕಂಡಿಲ್ಲ.

ಭೂಕಂಪ ಬಂದಾಗ ಏನ್ ಮಾಡ್ಬೇಕು ಅನ್ನೂ ಮಾತಿಗೆ ಬರೂಣು. ಸಾಲಿಗೆ ಬಂದು ಹುಡುಗ್ರಿಗೆ ಹೇಳಿಕೊಡ್ತಾರಲ್ಲ, ಭೂಕಂಪ ಬಂದ್ರ ಟೇಬಲ್ ಕೆಳಗ ಕುಂದ್ರಿ ಅಂತ, ಅದು ಕಾಂಕ್ರೀಟ್ ಬಿಲ್ಡಿಂಗಿಗೆ ಚಲೋ ಮಾತು. ಮಾಳಗಿ ಮನಿಯೊಳಗ ಟೇಬಲ್ ಎಲ್ಲಿಂದ ತರೂದು? ಇದ್ದರೂ ಆ ಮಣ್ಣಿನ ಭಾರಕ್ಕ ಅದು ತಡ್ಯಾಂಗಿಲ್ಲ. ಇಂಥಾ ಮನಿಯಾಗ ಬಾಗಲ ಹತ್ರ ಇದ್ದವ್ರು ಗಪ್ಪಂತ ಬಯಲಿಗೆ ಬರೂದ ಚಲೋ, ಬಂದವ್ರು ಗೋಡಿ ಬಾಜೂಕ, ಸಂದಿಯೊಳಗ ನಿಂದ್ರಬಾರದು. ಮೊನ್ನೆ ನಮ್ಮ ಓಣಿ ಮಂದಿ ಎಲ್ಲಾ ಹೊರಗ ಓಡಿ ಬಂದು ನಿಂತದ್ದು ಎಲ್ಲಿ ಅಂದ್ರ ಒಂದು ಬಿರುಕು ಬಿಟ್ಟ ಹುಡೇದ ಗೋಡಿ ಕೆಳಗ, ಅದೂ ಫೋನಿನಾಗ ಮಾತಾಡ್ಕೋತ. ಹಾಸಿಗಿ ಎಲ್ಲಿ ಹಾಕ್ಬೇಕು, ತಲಿ ದಿಕ್ಕಿನ ಮಾಡದಾಗ ಬೀಸುಕಲ್ಲು ಹಿತ್ತಾಳಿ ಕೊಡ ಇಡಬಾರದು, ಟ್ರೆಜರಿ ಗೋಡಿಗೆ ಮೊಳಿ ಹೊಡದು ಬಿಗೀಬೇಕು, ಇಂಥ ನಮ್ಮ ಮನಿ ನೋಡಿ ಬರದ ಒಂದು ಹಾಳಿ ನಮ್ಮ ಭಾಷೆದಾಗ ಮಾಡಸ್ರಿ. ರೇಷನ್ ಅಂಗಡಿಯೊಳಗ ಅಕ್ಕಿ ಜೋಡಿ ಕೊಟ್ರ ಮನಿ ಮನಿಗೆ ಹೋಗ್ತದ.

ಸುದ್ದಿನೂ ಹಂಗ. ರಾಷ್ಟ್ರೀಯ ಭೂಕಂಪ ಕೇಂದ್ರದವ್ರದು ಭೂಕಂಪ್ ಅಂತ ಆ್ಯಪ್ ಅದ, ಎಲ್ಲಿ, ಎಷ್ಟು, ಎಷ್ಟು ಆಳ ಅಂತ ಬರ್ತದ, ಅದು ಹಳ್ಳಿ ಮಂದಿಗೆ ಮುಟ್ಟಿಲ್ಲ. ಆಂಡ್ರಾಯ್ಡ್ ಫೋನಿನಾಗ ಬರೂ ಅಲರ್ಟ್ 4.5ರ ಮ್ಯಾಲಿಂದಕ್ಕ, ನಮ್ಮ ಸಣ್ಣಾವಕ್ಕ ಅದು ಬಾಯಿ ಬಿಡಾಂಗಿಲ್ಲ. ನಡುಗಿದ ಒಂದು ತಾಸಿನಾಗ ಜಿಲ್ಲಾ ಕಡಿಂದ ನಾಕು ಸಾಲು ಬಂದ್ರ ಸಾಕು, ಇಂಥಾ ಊರ ಹತ್ರ ಆಗ್ಯದ, ಇಷ್ಟು ಅದ, ಅಂಕಿ ಒಂದು ಏರಿದ್ರ ಶಕ್ತಿ ಮೂವತ್ತೆರಡು ಪಟ್ಟು ಏರ್ತದ ಹಂಗಾಗಿ ಇದು ಕಿಲ್ಲಾರಿ ಮುಂದ ಏನೂ ಅಲ್ಲ, ಮನಿಯೊಳಗ ಹೋಗೂ ಮೊದಲ ಗೋಡಿ ಉಬ್ಬಿಲ್ಲ ತೊಲಿ ಸರದಿಲ್ಲ ಅಂತ ನೋಡ್ಕೋರಿ. ಇಷ್ಟ. ಸುದ್ದಿ ಖಾಲಿ ಬಿಟ್ರ ಆ ಖಾಲಿ ಜಾಗಾದಾಗ ಆಡಿಯೋ ಪುಣ್ಯಾತ್ಮ ಬಂದು ಕುಂದರ್ತಾನ.

ಸಾಲಿ ಮತ್ತ ಅಂಗನವಾಡಿ ಅಂತೂ ಮೊದಲ ನೋಡಸ್ರಿ. ದೊಡ್ಡವ್ರು ಓಡ್ತಾರ, ಮೂರು ವರ್ಷದ ಕೂಸುಗಳು ಎಲ್ಲಿ ಓಡ್ಬೇಕು?

ಮಾಳಗಿ ಮನಿಗಳ ಪಟ್ಟಿ ಹೊಸಾದಾಗಿ ಮಾಡೂದೂ ಬ್ಯಾಡ. ಐದಾರು ವರ್ಷದ ಮಳಿ ಹಾನಿ ಪಂಚನಾಮಿ ಕಾಗದ ತಾಲೂಕು ಕಚೇರಿಗಳಾಗ ಅದ, ಯಾವ ಊರಾಗ ಯಾವ ಓಣಿಯಾಗ ಗೋಡಿ ಬೀಳ್ತಾವ ಅಂತ ಅದರಾಗ ಬರದದ. ಬಾಜೂಕಿನ ನಿಂತ ಮನಿನೂ ಅದೇ ವಯಸ್ಸಿಂದು, ಅದೇ ಗೌಂಡಿ ಕಟ್ಟಿದ್ದು. ಅಲ್ಲಿಂದ ಸುರು ಮಾಡ್ರಿ. ಮತ್ತ ಸುರು ಮಾಡೂದು ಮಾರ್ಚ್ ಏಪ್ರಿಲದಾಗ ಆಗ್ಬೇಕು, ಮೇ ಬಂದ್ರ ಮಂದಿ ಮಣ್ಣಿನ ಟ್ರಾಕ್ಟರ್ ತರಸ್ತಾರ, ಹಾಕಿದ ಮ್ಯಾಲ ತಗೀರಿ ಅಂದ್ರ ಯಾರೂ ಕೇಳೂದಿಲ್ಲ, ನಾನೂ ಕೇಳೂದಿಲ್ಲ.

ಗೌಂಡಿಗಳಿಗೆ ಟ್ರೇನಿಂಗ್ ಇಡೂ ವಿಚಾರ ಇದ್ರ ಒಂದು ಮಾತು ಹೇಳ್ತೀನಿ. ಜಿಲ್ಲಾ ಪಂಚಾಯ್ತಿ ಸಭಾಂಗಣದಾಗ ಪ್ರೊಜೆಕ್ಟರ್ ಹಚ್ಚಿ ಬ್ಯಾಡ, ಒಂದು ಹಳ್ಳಿಯಾಗ ಒಂದು ಹಳೇ ಮನಿ ತಗೊಂಡು ಅಲ್ಲೇ ಕಲ್ಲು ಕಿತ್ತು, ಸಳಿ ಇಟ್ಟು ತೋರಸ್ರಿ, ಗೌಂಡಿ ಕಣ್ಣಿಲೆ ಕಲೀತಾನ. ಬರೇ ಸರ್ಟಿಫಿಕೇಟು, ಉಪ್ಪಿಟ್ಟು ಕೊಟ್ರ ಎರಡನೇ ದಿನ ಯಾರೂ ಬರೂದಿಲ್ಲ, ಅವ್ರದು ದಿನದ ದುಡಿಮಿ, ಆ ದಿನದ ಪಗಾರ ಕೊಡ್ರಿ. ನಮ್ಮ ಕಡಿ ಊರಿನ ಗೌಂಡಿಗಳನ್ನ, ಇಬ್ರು ಬಡಿಗ್ಯಾರನ್ನ ಕರಕೊಂಡು ಬರೂ ಜವಾಬ್ದಾರಿ ನಂದು. ಮನಿ ಬೇಕಂದ್ರ ನಮ್ಮ ಆಯಿದ ಮನಿನ ಅದ, ಮಾಳಗಿ ಮ್ಯಾಲ ಎರಡು ಫೂಟು ಮಣ್ಣು ಅದ. ಆಕಿನ್ನ ಒಪ್ಪಸೂದು ಮಾತ್ರ ನಿಮ್ಮ ಕೆಲಸ, ನನ್ನ ಮಾತು ಕೇಳವಲ್ಲಳು.

ಇಂತಿ ನಿಮ್ಮ ಜಿಲ್ಲಾದ ಒಬ್ಬ ಸಣ್ಣ ಗುತ್ತೇದಾರ,
ಬಸವನ ಬಾಗೇವಾಡಿ ತಾಲೂಕು